ಅಪರೂಪದ ಗಿಡಕ್ಕೆ ದುಡ್ಡು ಹಾಕುವ ಮುಂಚೆ: ಕಲಬುರಗಿ ಬಿಸಿಲಿನ ಲೆಕ್ಕ

ಎಲೆ ಮೇಲೆ ಬಿಳಿ ಪಟ್ಟೆ ಇರುವ ಗಿಡಕ್ಕೆ ನರ್ಸರಿಯವರು ಹಸಿರು ಗಿಡದ ಹತ್ತು ಪಟ್ಟು ಬೆಲೆ ಹೇಳಿದರೆ, ಆ ಬಿಳಿ ಹೇಗೆ ಬಂತು ಎಂದು ಮೊದಲು ಕೇಳಿ. ಉಳಿದದ್ದೆಲ್ಲ ಆಮೇಲೆ. ಗಿಡಕ್ಕೆ ಬೇರೆ ಬಣ್ಣ, ಬೇರೆ ಆಕಾರ ಬರಲು ಐದಾರು ಕಾರಣಗಳಿವೆ. ಕೆಲವು ಗಿಡ ಬದುಕಿರುವ ತನಕ ಉಳಿಯುತ್ತವೆ, ಕೆಲವು ವರ್ಷದೊಳಗೆ ಮಾಯವಾಗುತ್ತವೆ, ಒಂದೆರಡು ಶುದ್ಧ ರೋಗ. ಎರಡನೇ ಪ್ರಶ್ನೆ: ಇದೇ ಗಿಡದ ಸಾದಾ ಹಸಿರು ತಳಿ ನಮ್ಮೂರಲ್ಲಿ ಒಂದು ಬೇಸಿಗೆ ದಾಟುತ್ತದೆಯೇ? ಈ ಎರಡಕ್ಕೂ ಉತ್ತರ ಸಿಕ್ಕರೆ ಕೊಳ್ಳುವುದೋ ಬಿಡುವುದೋ ಬಹುಪಾಲು ತೀರ್ಮಾನವಾದಂತೆ.

ಎರಡನೆಯದನ್ನೇ ಮೊದಲು ನೋಡೋಣ. ಕಲಬುರಗಿ, ಯಾದಗಿರಿ ಕಡೆ ದುಬಾರಿ ಗಿಡಗಳು ಸಾಯುವುದು ಹೆಚ್ಚಾಗಿ ಇದರಿಂದಲೇ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ 42 ಡಿಗ್ರಿ ಇಲ್ಲಿ ಸಾಮಾನ್ಯ. ಅದಕ್ಕಿಂತ ಕೆಟ್ಟದ್ದು ಒಣ ಗಾಳಿ: ಮಧ್ಯಾಹ್ನದ ತೇವಾಂಶ ಶೇ. 20ರ ಆಸುಪಾಸಿಗೆ ಇಳಿಯುತ್ತದೆ. ಶಹಾಬಾದ್ ಕಲ್ಲು ಹಾಸಿದ ಅಂಗಳ, ಮಾಳಿಗೆ ಸೂರ್ಯ ಮುಳುಗಿದ ಮೇಲೂ ಗಂಟೆಗಟ್ಟಲೆ ಬಿಸಿ ಬಿಡುತ್ತಿರುತ್ತದೆ, ಕುಂಡದೊಳಗಿನ ಬೇರಿಗೆ ರಾತ್ರಿಯೂ ತಂಪಿಲ್ಲ. ಬೀದರ್ ಎತ್ತರದಲ್ಲಿರುವ ಕೆಮ್ಮಣ್ಣಿನ ಊರು, ಬೇಸಿಗೆ ಸ್ವಲ್ಪ ಸೌಮ್ಯ. ಆದರೆ ಡಿಸೆಂಬರ್‌, ಜನವರಿಯ ರಾತ್ರಿಗಳಲ್ಲಿ ಚಳಿ 10 ಡಿಗ್ರಿ ಸುತ್ತಮುತ್ತ ಬರುತ್ತದೆ. ಫಿಲೋಡೆಂಡ್ರಾನ್, ಮಾನ್‌ಸ್ಟೆರಾದಂಥ, ಎಲೆಯ ಅಂದಕ್ಕೆ ಬೆಳೆಸುವ ಗಿಡಗಳು 15 ಡಿಗ್ರಿಗಿಂತ ಕೆಳಗೆ ಬೆಳೆಯುವುದನ್ನೇ ನಿಲ್ಲಿಸುತ್ತವೆ.

ನಮ್ಮ ನರ್ಸರಿಗಳಿಗೆ ಬರುವ ಗಿಡಗಳಲ್ಲಿ ಬಹಳಷ್ಟು ಆಂಧ್ರದ ಕಡಿಯಂನಿಂದಲೋ ಪುಣೆ, ಹೈದರಾಬಾದ್, ಬೆಂಗಳೂರಿನಿಂದಲೋ ಲಾರಿಯಲ್ಲಿ ಬಂದವು. ಕಡಿಯಂ ಗೋದಾವರಿ ದಂಡೆಯ ಊರು, ಗಾಳಿಯಲ್ಲೇ ನೀರಿದೆ. ಅಲ್ಲಿ ಹಸಿರು ನೆಟ್ಟಿನಡಿ ಬೆಳೆದ ಎಲೆಗೆ ತೆಳು ಚರ್ಮ. ಇಲ್ಲಿಗೆ ಬಂದು ವಾರದೊಳಗೆ ಅಂಚು ಕಂದುತ್ತದೆ. ಗಿಡ ಕೆಟ್ಟದ್ದು ಎಂದಲ್ಲ, ಎಲೆ ಬೇರೆ ಹವೆಗೆ ತಯಾರಾದದ್ದು. ಹಾಗಾಗಿ ನರ್ಸರಿಯಲ್ಲಿ ಕೇಳಬೇಕಾದ ಮಾತು, ಗಿಡ ಬಂದು ಎಷ್ಟು ದಿನವಾಯಿತು, ಬಂದ ಮೇಲೆ ಇಲ್ಲೇ ಎಷ್ಟು ಹೊಸ ಎಲೆ ಬಿಟ್ಟಿದೆ ಎಂಬುದು. ಇಲ್ಲಿಯ ಹವೆಯಲ್ಲಿ ಎರಡು ಎಲೆ ಬಿಚ್ಚಿದ ಗಿಡಕ್ಕೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಆಂಥೂರಿಯಂ ಕ್ರಿಸ್ಟಲಿನಂ, ಕ್ಲಾರಿನರ್ವಿಯಂ ಥರದ ಮಖಮಲ್ ಎಲೆಯವು, ಕಲಾಥಿಯಾ ಜಾತಿ, ತೆಳು ಎಲೆಯ ಜರಿಗಿಡಗಳು, ಇವಕ್ಕೆ ಶೇ. 60ಕ್ಕಿಂತ ಹೆಚ್ಚು ತೇವಾಂಶ ಬೇಕು. ಗಾಜಿನ ಪೆಟ್ಟಿಗೆಯಲ್ಲಿ ಬೆಳೆಸುವ ವ್ಯವಸ್ಥೆ ಇಲ್ಲದಿದ್ದರೆ ಬಿಟ್ಟುಬಿಡಿ ಎಂಬುದು ನನ್ನ ನೇರ ಸಲಹೆ. ದಿನಕ್ಕೆ ನಾಲ್ಕು ಸಲ ನೀರು ಸಿಂಪಡಿಸಿದರೆ ಸಾಕು ಎಂದು ಹೇಳುವವರಿದ್ದಾರೆ. ನಮ್ಮ ಬೇಸಿಗೆಯಲ್ಲಿ ಆ ತೇವ ಹತ್ತು ನಿಮಿಷ ನಿಲ್ಲುವುದಿಲ್ಲ, ಬದಲಿಗೆ ಬೋರ್‌ವೆಲ್ ನೀರಿನ ಸುಣ್ಣ ಎಲೆ ಮೇಲೆ ಬಿಳಿ ಕಲೆಯಾಗಿ ಕೂರುತ್ತದೆ. ಸಿಂಪಡಿಸುವುದಕ್ಕಿಂತ ನಮ್ಮ ಮನೆಗಳಲ್ಲಿರುವ ಕೂಲರೇ ಎಷ್ಟೋ ಮೇಲು. ನೀರು ಹಾಯುವ ಕೂಲರ್ ಓಡುವ ಕೋಣೆಯಲ್ಲಿ ತೇವಾಂಶ ಶೇ. 50 ಮುಟ್ಟುತ್ತದೆ. ನೇರ ಗಾಳಿ ಬಡಿಯದಂತೆ ಆರೇಳು ಅಡಿ ದೂರ, ಕಿಟಕಿ ಬೆಳಕು ಬೀಳುವಲ್ಲಿ ಇಟ್ಟರೆ ಮಾನ್‌ಸ್ಟೆರಾ, ಆಗ್ಲೋನಿಮಾ, ಗಟ್ಟಿ ಎಲೆಯ ಫಿಲೋಡೆಂಡ್ರಾನ್‌ಗಳು ಬೇಸಿಗೆ ದಾಟುತ್ತವೆ. ಎ.ಸಿ. ಕೋಣೆ ಇದಕ್ಕೆ ಉಲ್ಟಾ, ಗಾಳಿಯನ್ನು ಒಣಗಿಸುತ್ತದೆ. ಆದರೆ ಎ.ಸಿ. ಪೈಪಿನಿಂದ ಹೊರಗೆ ಬೀಳುವ ನೀರಿನಲ್ಲಿ ಲವಣವೇ ಇಲ್ಲದಂತಿರುತ್ತದೆ. ಬಕೆಟ್ಟಿನಲ್ಲಿ ಹಿಡಿದು ಈ ಗಿಡಗಳಿಗೆ ಹಾಕಿ. ಆರ್‌ಒ ಯಂತ್ರದಿಂದ ಹೊರಹೋಗುವ ನೀರು ಬೇಡ, ಬೋರ್‌ವೆಲ್ ನೀರಿಗಿಂತ ಹೆಚ್ಚು ಉಪ್ಪು ಅದರಲ್ಲಿದೆ. ನೀರಿನಲ್ಲಿ ಕರಗಿರುವ ಲವಣ ಅಳೆಯುವ ಟಿಡಿಎಸ್ ಮೀಟರ್ ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ. ದುಬಾರಿ ಗಿಡ ಕೊಳ್ಳುವ ಮನಸ್ಸಿದ್ದರೆ ಮೊದಲು ಅದನ್ನು ಕೊಂಡು ಮನೆಯ ನೀರು ಅಳೆಯಿರಿ. 300ರೊಳಗೆ ಬಂದರೆ ಹೆಚ್ಚಿನ ಎಲ್ಲ ಗಿಡಕ್ಕೂ ನಡೆಯುತ್ತದೆ. 800 ದಾಟಿದರೆ ಕಲಾಥಿಯಾದಂಥವನ್ನು ಮರೆತುಬಿಡಿ.

ಈಗ ಬಣ್ಣದ ಮೂಲಕ್ಕೆ ಬರೋಣ. ಅಂಗಡಿಯಲ್ಲಿ ಹೆಚ್ಚು ಮೋಸವೂ ಹೆಚ್ಚು ತಪ್ಪು ತಿಳಿವಳಿಕೆಯೂ ಇರುವುದು ಇದರಲ್ಲೇ.

ಮಾನ್‌ಸ್ಟೆರಾ ಆಲ್ಬೊ, ಫಿಲೋಡೆಂಡ್ರಾನ್ ಪಿಂಕ್ ಪ್ರಿನ್ಸೆಸ್ ಎರಡೂ ಕೈಮೀರಾ ಗಿಡಗಳು. ಅಂದರೆ ಒಂದೇ ಗಿಡದಲ್ಲಿ ಎರಡು ಬಗೆಯ ಜೀವಕೋಶಗಳು ಅಕ್ಕಪಕ್ಕ ಬೆಳೆಯುತ್ತಿವೆ, ಒಂದರಲ್ಲಿ ಪತ್ರಹರಿತ್ತು ಇದೆ, ಇನ್ನೊಂದರಲ್ಲಿ ಇಲ್ಲ. ಕುಡಿಯಲ್ಲಿ ಇವೆರಡರ ಹಂಚಿಕೆ ಹೇಗಿದೆಯೋ ಮುಂದಿನ ಎಲೆ ಹಾಗೆ. ಆದ್ದರಿಂದ ಎಲೆ ನೋಡಿ ಮರುಳಾಗಬೇಡಿ, ಕಾಂಡ ನೋಡಿ. ಕಾಂಡದ ಉದ್ದಕ್ಕೂ ಬಿಳಿ ಗೆರೆಗಳು ಹರಿದಿರಬೇಕು, ಆ ಗೆರೆ ಗೆಣ್ಣಿನಲ್ಲಿರುವ ಮೊಗ್ಗಿನ ಮೂಲಕ ಹಾದುಹೋಗಿರಬೇಕು. ಎಲೆ ಅರ್ಧ ಬಿಳಿ ಇದ್ದರೂ ಮೊಗ್ಗಿರುವ ಬದಿ ಪೂರ್ತಿ ಹಸಿರಾಗಿದ್ದರೆ ಮುಂದೆ ಬರುವುದು ಹಸಿರು ಗಿಡ, ಕೊಟ್ಟದ್ದು ಆಲ್ಬೊ ಬೆಲೆ. ಮೊಗ್ಗಿನ ಬದಿ ಪೂರ್ತಿ ಬಿಳಿಯಾಗಿದ್ದರೆ ಇನ್ನೂ ಕಷ್ಟ. ಬರುವ ಎಲೆಗಳೆಲ್ಲ ಬೆಳ್ಳಗಿರುತ್ತವೆ, ಗಿಡಕ್ಕೆ ಅನ್ನ ತಯಾರಿಸುವ ಭಾಗವೇ ಇರುವುದಿಲ್ಲ, ಬೇರಿನಲ್ಲಿ ಕೂಡಿಟ್ಟದ್ದು ಮುಗಿದೊಡನೆ ಕೊಳೆಯುತ್ತದೆ. ಫೋಟೊದಲ್ಲಿ ಅತಿ ಚಂದ ಕಾಣುವುದೂ ಅತಿ ದುಬಾರಿಯಾಗುವುದೂ ಇಂಥ ಬಿಳಿ ಎಲೆಯದ್ದೇ. ಕೊಳ್ಳಬೇಡಿ. ಮೂರನೇ ಒಂದು ಭಾಗ ಬಿಳಿ, ಕಾಂಡದಲ್ಲಿ ಸಣ್ಣ ಸಣ್ಣ ಗೆರೆಗಳು ಹರಡಿಕೊಂಡಿರುವುದು ನಮ್ಮ ಬಿಸಿಲಿಗೆ ತಕ್ಕದ್ದು. ಬಿಳಿ ಹೆಚ್ಚಾದಷ್ಟೂ ಬೆಳವಣಿಗೆ ನಿಧಾನ, ಸುಡುವುದು ಬೇಗ.

ಇಂಥ ಗಿಡ ಮನೆಗೆ ಬಂದ ಮೇಲೆ ಸತತ ಎರಡು ಎಲೆ ಪೂರ್ತಿ ಹಸಿರು ಬಂದರೆ ಕಾಯಬೇಡಿ. ಬಿಳಿ ಗೆರೆ ಚೆನ್ನಾಗಿರುವ ಕೊನೆಯ ಗೆಣ್ಣಿನ ಮೇಲೆ ಅರ್ಧ ಇಂಚು ಬಿಟ್ಟು, ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಕತ್ತರಿಸಿ. ಹಾಗೇ ಬಿಟ್ಟರೆ ಹಸಿರು ಕೊಂಬೆ ಜೋರಾಗಿ ಬೆಳೆದು ಉಳಿದದ್ದನ್ನು ನುಂಗುತ್ತದೆ. ಈ ಕತ್ತರಿಯ ಕೆಲಸ ಬೇಡ ಎನ್ನುವವರು ಥಾಯ್ ಕಾನ್‌ಸ್ಟಲೇಷನ್ ಎಂಬ ಮಾನ್‌ಸ್ಟೆರಾ ನೋಡಬಹುದು. ಅದು ಥಾಯ್ಲೆಂಡಿನ ಅಂಗಾಂಶ ಕೃಷಿ (ಗಿಡದ ಸಣ್ಣ ತುಣುಕಿನಿಂದ ಸಸಿ ಮಾಡುವ) ಪ್ರಯೋಗಾಲಯದಲ್ಲಿ ಬಂದ ತಳಿ. ಕೆನೆ ಬಣ್ಣದ ಚುಕ್ಕಿಗಳು ಗಿಡದ ತುಂಬ ಹರಡಿರುತ್ತವೆ, ಹಸಿರಿಗೆ ತಿರುಗುವುದು ಅಪರೂಪ. ಪ್ರಯೋಗಾಲಯದಲ್ಲಿ ಸಾವಿರಗಟ್ಟಲೆ ಮಾಡಲು ಬರುವ ತಳಿಯ ಬೆಲೆ ಇಳಿಯಲೇಬೇಕು, ಇದರದ್ದೂ ಪಿಂಕ್ ಪ್ರಿನ್ಸೆಸ್‌ದೂ ಹಾಗೇ ಇಳಿಯಿತು. ಆಲ್ಬೊವನ್ನು ಹಾಗೆ ಹೆಚ್ಚಿಸಿದರೆ ಬಿಳಿ ಉಳಿಯುವ ಭರವಸೆಯಿಲ್ಲ, ಅದನ್ನು ಹೆಚ್ಚಾಗಿ ಗೆಣ್ಣು ಕತ್ತರಿಸಿಯೇ ಬೆಳೆಸುತ್ತಾರೆ. ಹೊಸ ತಳಿಯ ಹೆಸರು ಕೇಳಿದೊಡನೆ ಅಂಗಾಂಶ ಕೃಷಿಯಲ್ಲಿ ಬರುತ್ತಿದೆಯೇ ಎಂದು ವಿಚಾರಿಸಿ. ಬರುತ್ತಿದ್ದರೆ ಒಂದೆರಡು ವರ್ಷ ತಡೆದುಕೊಳ್ಳುವುದೇ ಉಳಿತಾಯ.

ಪಿಂಕ್ ಪ್ರಿನ್ಸೆಸ್ ಜೊತೆ ಗೊಂದಲವಾಗುವ ಇನ್ನೊಂದು ಫಿಲೋಡೆಂಡ್ರಾನ್ ಪಿಂಕ್ ಕಾಂಗೋ. ಇದರ ಗುಲಾಬಿ ಬಣ್ಣ ತಳಿಯದ್ದಲ್ಲ, ಬೆಳೆಸುವವರು ರಾಸಾಯನಿಕ ಕೊಟ್ಟು ತರಿಸಿದ್ದು. ಆರು ತಿಂಗಳಿಂದ ವರ್ಷದೊಳಗೆ ಹೊಸ ಎಲೆಗಳೆಲ್ಲ ಹಸಿರು. ಗುರುತು ಹಿಡಿಯುವುದು ಸುಲಭ: ಪಿಂಕ್ ಪ್ರಿನ್ಸೆಸ್‌ನಲ್ಲಿ ಗಾಢ ಹಸಿರು ಎಲೆಯ ಮೇಲೆ ಗುಲಾಬಿ ತೇಪೆಗಳು, ಪ್ರತಿ ಎಲೆ ಬೇರೆ ಬೇರೆ. ಪಿಂಕ್ ಕಾಂಗೋದಲ್ಲಿ ತುದಿಯ ನಾಲ್ಕಾರು ಎಲೆ ಒಂದೇ ಸಮ ಗುಲಾಬಿ, ಕೆಳಗಿನವು ಸಾದಾ ಹಸಿರು. ಬಣ್ಣದ ಪುಡಿ ಬಳಿದ ಕ್ಯಾಕ್ಟಸ್‌ಗಳದ್ದೂ ಇದೇ ಕಥೆ, ಹೊಸ ಮುಳ್ಳು ಬಂದೊಡನೆ ಗೊತ್ತಾಗುತ್ತದೆ. ಕೆಂಪು, ಹಳದಿ ಚೆಂಡಿನ ಮೂನ್ ಕ್ಯಾಕ್ಟಸ್‌ನ ಬಣ್ಣ ನಿಜವಾದದ್ದೇ. ಆದರೆ ಆ ಚೆಂಡಿಗೆ ಪತ್ರಹರಿತ್ತಿಲ್ಲ, ಡ್ರ್ಯಾಗನ್ ಫ್ರೂಟ್ ಜಾತಿಯ ಕಾಂಡದ ಮೇಲೆ ಕಸಿ ಮಾಡಿದ್ದರಿಂದ ಬದುಕಿದೆ, ಬಹಳ ವರ್ಷ ಬಾಳುವಂಥದ್ದಲ್ಲ. ನೂರು ರೂಪಾಯಿಯೊಳಗೆ ಸಿಕ್ಕರೆ ಸರಿ.

ಸ್ನೇಕ್ ಪ್ಲಾಂಟ್ ನಮ್ಮ ಕಡೆ ಕಣ್ಣುಮುಚ್ಚಿ ಬೆಳೆಸಬಹುದಾದ ಗಿಡ, ಅದರ ಅಪರೂಪದ ತಳಿಗಳಿಗೆ ದುಡ್ಡು ಹಾಕುವುದಕ್ಕೆ ನನ್ನ ತಕರಾರಿಲ್ಲ. ಒಂದೇ ಎಚ್ಚರ. ಹಳದಿ ಅಂಚಿನ ಲಾರೆಂಟಿಯ ಎಲೆ ತುಂಡು ನೆಟ್ಟರೆ ಬರುವ ಮರಿಗಳಿಗೆ ಹಳದಿ ಅಂಚಿರುವುದಿಲ್ಲ, ಪೂರ್ತಿ ಹಸಿರು. ಗಡ್ಡೆ ಸಮೇತ ಬೇರ್ಪಡಿಸಿದ ಮರಿಯಲ್ಲಿ ಮಾತ್ರ ಅಂಚು ಉಳಿಯುತ್ತದೆ. ಆದ್ದರಿಂದ ಎಲೆ ತುಂಡುಗಳನ್ನು "ಲಾರೆಂಟಿ ಕಟಿಂಗ್" ಎಂದು ಮಾರುವವರಿಂದ ದೂರವಿರಿ.

ಇನ್ನು ರೋಗ. ಎಲೆಯ ನರಗಳ ಗುಂಟ ಹಳದಿ ಬಲೆ, ಎಲೆ ಸೊಟ್ಟಗಾಗಿದೆ, ಹೊಸ ಎಲೆ ಹಳೆಯದಕ್ಕಿಂತ ಚಿಕ್ಕದಾಗಿದೆ ಎಂದಾದರೆ ಅದು ವೈರಸ್ ಇರಬಹುದು. ಕೇನ, ಗುಲಾಬಿ, ದಾಸವಾಳದಲ್ಲಿ ಇದನ್ನೇ "ಬಣ್ಣದ ಎಲೆ ತಳಿ" ಎಂದು ಮಾರುವುದುಂಟು. ತೋಟಕ್ಕೆ ತಂದರೆ ಬಿಳಿನೊಣ, ಸಸ್ಯಹೇನಿನಂಥ ಕೀಟಗಳು ಅದನ್ನು ಉಳಿದ ಗಿಡಗಳಿಗೂ ಹಂಚಬಹುದು. ಸಂಶಯವಿದ್ದರೆ ಎಲೆಯನ್ನು ಬೀದರ್‌ನ ತೋಟಗಾರಿಕೆ ಮಹಾವಿದ್ಯಾಲಯಕ್ಕೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋರಿಸಿ.

ವೈರಸ್ಸಿಗಿಂತ ನಮ್ಮಲ್ಲಿ ಹೆಚ್ಚು ಕಾಣುವುದು ಕಬ್ಬಿಣದ ಕೊರತೆ. ಎರೆ ಮಣ್ಣಿನಲ್ಲಿ ಸುಣ್ಣ ಹೆಚ್ಚು, ಪಿಎಚ್ 8ರ ಮೇಲೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು, ನೋಡಲು ಚಂದದ ಚಿತ್ತಾರ. ಇಕ್ಸೋರಾ, ಗಾರ್ಡೇನಿಯಾ, ದಾಸವಾಳ ಮೂರರಲ್ಲೂ ಇದನ್ನು ವಿಶೇಷ ತಳಿ ಎಂದು ನಂಬಿ ಕೊಂಡವರಿದ್ದಾರೆ. ಪರೀಕ್ಷೆ ಇಷ್ಟೇ: ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ. ಎಲೆ ಹಸಿರಾಯಿತೆಂದರೆ ಅದು ತಳಿಯಲ್ಲ, ಕೊರತೆ. ಬೇರಿಗೆ ಕೊಡುವುದಾದರೆ ಇಡಿಡಿಎಚ್‌ಎ ರೂಪದ ಕಬ್ಬಿಣವನ್ನೇ ಕೇಳಿ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಇಡಿಟಿಎ ನಮ್ಮ ಸುಣ್ಣದ ಮಣ್ಣಿನಲ್ಲಿ ಕೆಲಸ ಮಾಡುವುದಿಲ್ಲ.

ಬೀಜದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀಲಿ ಗುಲಾಬಿ ಬೀಜ, ಕಾಮನಬಿಲ್ಲಿನ ಗುಲಾಬಿ ಬೀಜ, ಬಿಳಿ ಪಟ್ಟೆಯ ಮಾನ್‌ಸ್ಟೆರಾ ಬೀಜ, ಎಲ್ಲ ಸುಳ್ಳು. ಹತ್ತು ರೂಪಾಯಿಗೂ ಬೇಡ. ವಿದೇಶದಿಂದ ನೇರ ತರಿಸುತ್ತೇನೆ ಎನ್ನುವವರಿಗೆ ಒಂದು ಮಾತು: 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಆಮದು ಪರವಾನಗಿಯೂ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಇಲ್ಲದೆ ಬಂದ ಗಿಡದ ಜೊತೆ ಯಾವ ಕೀಟ ಬರುತ್ತದೋ ಹೇಳಲಾಗದು.

ಹಾಗಾದರೆ ನಮ್ಮ ಕಡೆಯವರು ದುಡ್ಡು ಹಾಕಬೇಕಾದದ್ದು ಎಲ್ಲಿ? ಬಿಸಿಲು, ಒಣ ಗಾಳಿ ಬೇಡುವ ಗಿಡಗಳ ಅಪರೂಪದ ತಳಿಗಳಲ್ಲಿ. ನಮಗೆ ಇವು ಸಲೀಸು.

ಮೊದಲನೆಯದು ಅಡೇನಿಯಂ. ಕಸಿ ಮಾಡಿದ ಎರಡು, ಮೂರು ಸುತ್ತಿನ ಹೂಗಳು ಫೆಬ್ರುವರಿಯಿಂದ ಮಿರಗದ (ಮೃಗಶಿರಾ, ಜೂನ್) ಮಳೆ ತನಕ ಕಲಬುರಗಿಯಲ್ಲಿ ಬಿಡುವಂತೆ ತಂಪು ಊರುಗಳಲ್ಲಿ ಬಿಡುವುದಿಲ್ಲ. ಕೊಳ್ಳುವಾಗ ಬುಡದ ದಪ್ಪ ಭಾಗವನ್ನು ಹೆಬ್ಬೆರಳಿನಿಂದ ಸುತ್ತಲೂ ಒತ್ತಿ. ಒಂದೇ ಕಡೆ ಮೆತ್ತಗಿದ್ದರೂ ಒಳಗೆ ಕೊಳೆತಿದೆ, ಎಲೆ ಎಷ್ಟೇ ಹಸಿರಿದ್ದರೂ ಬಿಡಿ. ಕಸಿಯ ಗೆರೆ ಕಾಣಬೇಕು, ಅಲ್ಲಿ ಕಟ್ಟಿದ ಪಟ್ಟಿ ಬಿಗಿದು ಕಾಂಡ ಕೊರೆದಿರಬಾರದು. ಕಸಿಯ ಕೆಳಗಿನಿಂದ ಬಂದ ಚಿಗುರನ್ನು ಆಗಾಗ ಮುರಿಯಬೇಕು. ಬಿಟ್ಟರೆ ಒಂದೇ ವರ್ಷದಲ್ಲಿ ಗುಲಾಬಿ ಬಣ್ಣದ ಸಾದಾ ಹೂವಿನ ಗಿಡವೇ ಉಳಿಯುತ್ತದೆ. ಕಪ್ಪು ಹೂವಿನದೆಂದು ಮಾರುವವು ಗಾಢ ಕೆಂಪಿನವು, ನಮ್ಮ ಮೇ ಬಿಸಿಲಿಗೆ ದಳದ ಅಂಚು ಸುಡುತ್ತದೆ, ಮಧ್ಯಾಹ್ನ ನೆರಳು ಬೇಕು. ನೀಲಿ ಅಡೇನಿಯಂ ಎಂಬುದೇ ಇಲ್ಲ. ಮಣ್ಣಿನ ಲೆಕ್ಕ: ದಪ್ಪ ಮರಳು 4 ಪಾಲು, ಇಟ್ಟಿಗೆ ಚೂರು 2, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ 2, ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) 1. ಎಂ ಸ್ಯಾಂಡ್ ಆದರೆ ಧೂಳು ಹೋಗುವಂತೆ ಜರಡಿ ಹಿಡಿದು ತೊಳೆಯಿರಿ. ಎರೆ ಮಣ್ಣು ಒಂದು ಹಿಡಿಯೂ ಬೇಡ: ನೆನೆದಾಗ ಉಬ್ಬುತ್ತದೆ, ಒಣಗಿದಾಗ ಬಿರಿದು ಬೇರು ಹರಿಯುತ್ತದೆ. ಜುಲೈ, ಆಗಸ್ಟಿನ ಜಡಿಮಳೆಗೆ ಸೂರಿನಡಿ ಸರಿಸಿ. ಗಿಡದ ರಸ ವಿಷ, ಕತ್ತರಿಸಿದ ಮೇಲೆ ಕೈ ತೊಳೆಯಬೇಕು, ಮಕ್ಕಳಿಗೆ ಎಟುಕದಂತೆ ಇಡಬೇಕು.

ಕಾಗದದ ಹೂವಿನಲ್ಲಿ ಮೇರಿ ಪಾಮರ್ ಒಂದೇ ಗಿಡದಲ್ಲಿ ಬಿಳಿ, ಗುಲಾಬಿ ಎರಡೂ ಬಿಡುತ್ತದೆ, ತಿಮ್ಮ ತಳಿಯಲ್ಲಿ ಅದರ ಜೊತೆ ಎಲೆಯ ನಡುವೆ ಹಳದಿಯೂ ಇದೆ. ಎರಡೂ ಹಳೆಯ, ನಂಬಿಕಸ್ಥ ತಳಿಗಳು. ತಿಮ್ಮದಲ್ಲಿ ಸಾದಾ ಹಸಿರು ಎಲೆಯ ಕೊಂಬೆ ಬಂದರೆ ಬುಡದಿಂದ ತೆಗೆಯಿರಿ. ಒಂದೇ ಬುಡಕ್ಕೆ ನಾಲ್ಕು ಬಣ್ಣ ಕಸಿ ಮಾಡಿದ ಗಿಡಕ್ಕೆ ಈಗ ಭಾರೀ ಬೇಡಿಕೆ. ಅದರಲ್ಲಿ ಜೋರು ಬೆಳೆಯುವ ಬಣ್ಣ ಉಳಿದವನ್ನು ಒತ್ತಿಹಾಕುತ್ತದೆ. ಪ್ರತಿ ಹೂ ಸುತ್ತು ಮುಗಿದ ಮೇಲೆ ಜೋರಿನದನ್ನು ಅರ್ಧಕ್ಕೆ, ಮೆದುವಿನದನ್ನು ತುದಿಯಷ್ಟೇ ಸವರುವ ತಾಳ್ಮೆ ಇರುವವರು ಮಾತ್ರ ಕೊಳ್ಳಿ. ನಾಲ್ಕು ಬಣ್ಣದ ನಾಲ್ಕು ಗಿಡ ಅದಕ್ಕಿಂತ ಅಗ್ಗ.

ಸುಗಂಧರಾಜದ ಕಡೆ ಅಲಂಕಾರ ಪ್ರಿಯರು ನೋಡುವುದೇ ಇಲ್ಲ. ಲಖನೌದ ರಾಷ್ಟ್ರೀಯ ಸಸ್ಯ ಸಂಶೋಧನಾ ಸಂಸ್ಥೆ ಗಾಮಾ ಕಿರಣ ಹಾಯಿಸಿ ತಯಾರಿಸಿದ ರಜತ ರೇಖಾ ಎಲೆಗೆ ಬೆಳ್ಳಿ ಗೆರೆ, ಸ್ವರ್ಣ ರೇಖಾ ಎಲೆಗೆ ಹಳದಿ ಅಂಚು. ಗಡ್ಡೆಯಿಂದ ಗಡ್ಡೆಗೆ ಬಣ್ಣ ಉಳಿಯುತ್ತದೆ, ಬೇಸಿಗೆ ತಡೆಯುತ್ತದೆ, ವಾಸನೆಯೂ ಇದೆ. ಹೂವೇ ಮುಖ್ಯ ಎನ್ನುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಜ್ವಲ್, ವೈಭವ್, ಸುವಾಸಿನಿ ಇವೆ. ಅಪರೂಪ ಅಂದರೆ ದುಬಾರಿಯೇ ಆಗಬೇಕೆಂದಿಲ್ಲ ಎಂಬುದಕ್ಕೆ ಇವೇ ಸಾಕ್ಷಿ.

ತಾವರೆಗೆ ಮಾತ್ರ ನಮ್ಮ ಎರೆ ಮಣ್ಣು ವರ. ಎರಡು ಅಡಿ ಅಗಲ, ಒಂದು ಅಡಿಗಿಂತ ಆಳದ ತೂತಿಲ್ಲದ ಟಬ್ಬಿನಲ್ಲಿ ಐದಾರು ಇಂಚು ಎರೆ ಮಣ್ಣು, ಮೇಲೆ ನಾಲ್ಕಾರು ಇಂಚು ನೀರು, ದಿನಕ್ಕೆ ಆರು ಗಂಟೆ ಬಿಸಿಲು. ಗಡ್ಡೆ ಕೊಳ್ಳುವಾಗ ಕನಿಷ್ಠ ಎರಡು ಗೆಣ್ಣು, ಮುರಿಯದ ಚೂಪು ಕುಡಿ ಇರಬೇಕು. ಕುಡಿ ಮುರಿದ ಗಡ್ಡೆ ಸಾಮಾನ್ಯವಾಗಿ ಕೊಳೆಯುತ್ತದೆ. ಎಲೆ ನೀರಿನ ಮೇಲೆ ಎದ್ದು ನಿಂತ ಮೇಲೆಯೇ ಗೊಬ್ಬರ. ಸಹಸ್ರದಳ ಪದ್ಮ ತುಂಬ ಆಸೆ ಹುಟ್ಟಿಸುವ ತಳಿ, ಕೊಳ್ಳಲು ಯೋಗ್ಯವೂ ಹೌದು. ಅದರ ಕೇಸರ, ಬೀಜಕೋಶಗಳೇ ದಳಗಳಾಗಿರುವುದರಿಂದ ಬೀಜ ಕಟ್ಟುವುದಿಲ್ಲ; ಸಹಸ್ರದಳದ ಬೀಜ ಎಂದು ಮಾರಿದರೆ ಅದು ಬೇರೆ ತಾವರೆಯ ಬೀಜ. ಸೊಳ್ಳೆಗೆ ನಾಲ್ಕು ಗಪ್ಪಿ ಮೀನು ಬಿಡಿ.

ಬೆಲೆ ಕೂಡಿಸುವಾಗ ಗಿಡದ ಬೆಲೆಗೆ ಕೊರಿಯರ್, ಕುಂಡ, ಮಣ್ಣಿನ ಮಿಶ್ರಣ, ನೆರಳು ನೆಟ್ಟು ಎಲ್ಲ ಸೇರಿಸಿ. ಒಂದೇ ಎಲೆಯ ಕಟಿಂಗ್ 800 ರೂಪಾಯಿ, ನಾಲ್ಕು ಎಲೆ, ಬೇರು ತುಂಬಿದ ಗಿಡ 1,600 ಎಂದಾದರೆ ಎರಡನೆಯದೇ ಅಗ್ಗ. ಒಂದೆಲೆಯದು ನಮ್ಮ ಹವೆಯಲ್ಲಿ ಆ ಎಲೆ ಕಳೆದುಕೊಂಡರೆ ಮತ್ತೆ ಏಳುವುದು ಕಷ್ಟ. ಹಸಿರು ತಳಿ 150ಕ್ಕೆ ಸಿಗುವಂತಿದ್ದರೆ ಮೊದಲು ಅದನ್ನು ತಂದು, ಬಣ್ಣದ್ದನ್ನು ಇಡಬೇಕೆಂದಿರುವ ಜಾಗದಲ್ಲೇ ಶಿವರಾತ್ರಿಯಿಂದ ಮಿರಗದ ತನಕ ಇಟ್ಟು ನೋಡಿ. ಅದು ಸೊರಗಿದರೆ ಬಿಳಿ ಪಟ್ಟೆಯದು ಸಾಯುತ್ತದೆ.

ಕೊರಿಯರ್‌ನಲ್ಲಿ ತರಿಸುವುದಾದರೆ ಜುಲೈ ಕೊನೆಯಿಂದ ಅಕ್ಟೋಬರ್ ತನಕ. ಮಾರ್ಚ್‌ನಿಂದ ಜೂನ್ ಮಧ್ಯದವರೆಗೆ ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ, ಕಾದ ಲಾರಿಯೊಳಗೆ ಮೂರು ದಿನ ಕೂತ ಗಿಡ ಒಳಗೇ ಬೆಂದಿರುತ್ತದೆ. ಕಳಿಸುವ ದಿನ ತೆಗೆದ ವಿಡಿಯೊ ಕೇಳಿ: ಕಾಂಡದ ಸುತ್ತ, ಎಲೆಯ ಅಡಿ, ಬೇರು ಮೂರೂ ಕಾಣಬೇಕು. ಬಂದ ಪೆಟ್ಟಿಗೆಯನ್ನು ವಿಡಿಯೊ ಮಾಡುತ್ತಲೇ ಬಿಚ್ಚಿ.

ಬಂದ ಗಿಡವನ್ನು ಉಳಿದವುಗಳಿಂದ ದೂರ, ನೆರಳಲ್ಲಿ ಮೂರು ವಾರ ಇಡಿ. ಎಲೆಯ ಅಡಿ, ಗೆಣ್ಣಿನ ಸಂದಿ, ಕುಂಡದ ತೂತು ನೋಡುತ್ತಿರಿ. ಬಿಳಿ ಹತ್ತಿಯಂತೆ ಕಂಡರೆ ಹಿಟ್ಟು ತಿಗಣೆ, ಎಲೆ ಮೇಲೆ ಸೂಜಿ ಚುಚ್ಚಿದಂಥ ಹಳದಿ ಚುಕ್ಕಿ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ನುಸಿ. ನಮ್ಮ ಒಣ ಬಿಸಿಗೆ ನುಸಿಯ ಸಂತತಿ ವಾರದೊಳಗೆ ದುಪ್ಪಟ್ಟಾಗುತ್ತದೆ. ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆ, 2 ಮಿ.ಲೀ. ದ್ರವ ಸೋಪು ಕಲಸಿ, ಸೂರ್ಯ ಮುಳುಗಿದ ಮೇಲೆ, ಐದು ದಿನಕ್ಕೊಮ್ಮೆಯಂತೆ ಮೂರು ಸಲ ಎಲೆಯ ಅಡಿಗೆ ಬೀಳುವಂತೆ ಸಿಂಪಡಿಸಿ. ಬಂದ ದಿನವೇ ಕುಂಡ ಬದಲಿಸಬೇಡಿ, ಗೊಬ್ಬರವನ್ನೂ ಹಾಕಬೇಡಿ. ಮಾನ್‌ಸ್ಟೆರಾ ಜಾತಿಗೆ ಆಮೇಲೆ ತೆಂಗಿನ ಸಿಪ್ಪೆಯ ತುಂಡು 2 ಪಾಲು, ಕೋಕೋಪೀಟ್ 1, ಪರ್ಲೈಟ್ (ಹಗುರ ಬಿಳಿ ಹರಳು) 1, ಇದ್ದಿಲು ಚೂರು ಅರ್ಧ, ಎರೆಹುಳು ಗೊಬ್ಬರ ಅರ್ಧ ಪಾಲಿನ ಮಿಶ್ರಣ ಸಾಕು. ಕೋಕೋಪೀಟನ್ನು ಮೂರು ನೀರಿನಲ್ಲಿ ತೊಳೆದೇ ಬಳಸಿ, ಅದರಲ್ಲಿರುವ ಉಪ್ಪು ನಮ್ಮ ನೀರಿನ ಉಪ್ಪಿನ ಜೊತೆ ಸೇರಿದರೆ ಬೇರಿನ ತುದಿ ಸುಡುತ್ತದೆ. ಇಲ್ಲಿಯ ಹವೆಯಲ್ಲಿ ಮೊದಲ ಹೊಸ ಎಲೆ ಪೂರ್ತಿ ಬಿಚ್ಚಿ ಗಟ್ಟಿಯಾದ ಮೇಲೆ, ಡಬ್ಬದ ಮೇಲೆ ಬರೆದ ಪ್ರಮಾಣದ ಕಾಲು ಭಾಗ ಗೊಬ್ಬರದಿಂದ ಶುರು ಮಾಡಿ.